ಸರಾಸರಿ ವೇಗ ಬಿಡಿ, ಎರಡನೇ ಅರ್ಧ ಗಂಟೆಯ ಎದೆಬಡಿತ ನೋಡಿ

ಓಟ ಮುಗಿದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸರಾಸರಿ ವೇಗದ ಮೇಲೆ. ಬಳ್ಳಾರಿಯಂಥ ಊರಲ್ಲಿ ಅದೊಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಜನವರಿಯ ಬೆಳಗಿನಲ್ಲಿ ಸಲೀಸಾಗಿ ಬರುವ ವೇಗ, ಹಗಲಿನ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್–ಮೇನಲ್ಲಿ ಬೆಳಗ್ಗೆ ಆರಕ್ಕೇ ಓಡಿದರೂ ಬರುವುದಿಲ್ಲ. ಹಾಗಂತ ನಿಮ್ಮ ದಮ್ಮು ಕಮ್ಮಿಯಾಗಿದೆ ಅಂತಲ್ಲ. ವೇಗ, ಎದೆಬಡಿತ ಎರಡನ್ನೂ ಜೋಡಿಸಿ ನೋಡಬೇಕು.

ಮೊದಲು ಡೇಟಾ ಸರಿಯಿದೆಯಾ ನೋಡಿ. ಓಟ ಶುರುವಾದ ಎರಡನೇ ನಿಮಿಷಕ್ಕೇ ಬಡಿತ 170ಕ್ಕೆ ಜಿಗಿದು ಅಲ್ಲೇ ನಿಂತುಬಿಟ್ಟಿದ್ದರೆ ಅನುಮಾನ ಪಡಿ. ಕೈಗೆ ಕಟ್ಟುವ ವಾಚು ಕೆಲವು ಸಲ ಬಡಿತ ಬಿಟ್ಟು ಹೆಜ್ಜೆ ಎಣಿಸುತ್ತದೆ, ಓಡುವಾಗ ಹೆಜ್ಜೆಯೂ ನಿಮಿಷಕ್ಕೆ 160ರಿಂದ 180ರ ಆಸುಪಾಸೇ ಅಲ್ವಾ? ವಾಚನ್ನು ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಬಿಗಿಯಾಗಿ ಕಟ್ಟಿ. ಎದೆಗೆ ಕಟ್ಟುವ ಬೆಲ್ಟ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಲೆಕ್ಕ. ಮೈ ಬಿಸಿಯಾಗುವ ಮೊದಲ ಹತ್ತು ನಿಮಿಷ ಬಿಟ್ಟುಬಿಡಿ. ಆಮೇಲೆ ಸಮತಟ್ಟು ದಾರಿಯಲ್ಲಿ ಒಂದು ಗಂಟೆ, ಪಕ್ಕದವರ ಜೊತೆ ಮಾತಾಡುವಷ್ಟು ಆರಾಮಾಗಿ ಓಡಿ, ಅರ್ಧ ಗಂಟೆ ಆದಾಗ ವಾಚಿನ ಲ್ಯಾಪ್ ಬಟನ್ ಒತ್ತಿ, ಆಗ ಎರಡೂ ಅರ್ಧದ ಲೆಕ್ಕ ಬೇರೆ ಬೇರೆ ಸಿಗುತ್ತದೆ. ಮೊದಲರ್ಧದಲ್ಲಿ 4.5 ಕಿ.ಮೀ. ಓಡಿದ್ದೀರಿ ಅನ್ನಿ. ನಿಮಿಷಕ್ಕೆ 150 ಮೀಟರ್ ಆಯಿತು. ಸರಾಸರಿ ಬಡಿತವೂ 150 ಇದ್ದರೆ, ಮೀಟರನ್ನು ಬಡಿತದಿಂದ ಭಾಗಿಸಿದಾಗ 1 ಬರುತ್ತದೆ. ಎರಡನೇ ಅರ್ಧದಲ್ಲಿ ದೂರ ಅಷ್ಟೇ, ಬಡಿತ ಮಾತ್ರ 160. ಆಗ 0.94. ಅಂದರೆ ಶೇ 6ರಷ್ಟು ಇಳಿಕೆ.

ಶೇ 5ರೊಳಗೆ ಇದ್ದರೆ ಆ ವೇಗಕ್ಕೆ, ಅಷ್ಟು ಹೊತ್ತಿಗೆ ನಿಮ್ಮ ದೇಹ ಒಗ್ಗಿದೆ ಅಂತ ತರಬೇತುದಾರರು ಸಾಮಾನ್ಯವಾಗಿ ಹಿಡಿಯುತ್ತಾರೆ. ಮುಂದಿನ ವಾರ ಹತ್ತು ನಿಮಿಷ ಜಾಸ್ತಿ ಓಡಬಹುದು. ಮೀರಿದ್ದರೆ ವೇಗ ಇಳಿಸಿ, ಹೊತ್ತು ಅಷ್ಟೇ ಇರಲಿ.

ಆದರೆ ಈ ಅಂಕಿಯ ಪಕ್ಕದಲ್ಲೇ ಆ ಹೊತ್ತಿನ ತಾಪಮಾನ ಬರೆಯದಿದ್ದರೆ ಎಲ್ಲಾ ಸುಮ್ನೆ. ಧಗೆಯಲ್ಲಿ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ಇಳಿಯುತ್ತದೆ, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಮ್ಮಿಯಾಗುವುದರಿಂದ ಅದು ಹೆಚ್ಚು ಸಲ ಬಡಿಯಲೇಬೇಕಾಗುತ್ತದೆ. ಓಟಕ್ಕೆ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೋಗಿದೆ, ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿ. 22 ಡಿಗ್ರಿಯ ದಿನವನ್ನು ಅಂಥದೇ ದಿನದ ಜೊತೆ ಹೋಲಿಸಿ, 30 ಡಿಗ್ರಿಯ ದಿನದ ಜೊತೆ ಬೇಡ.

ಸೈಕಲ್‌ನಲ್ಲಿ ತೊಂದರೆ ಗಾಳಿಯದು. ಜೂನ್–ಜುಲೈಯಲ್ಲಿ ಪಡುವಣ ಗಾಳಿ ಜೋರು. ಕೊಪ್ಪಳದಿಂದ ಗಂಗಾವತಿಗೆ ಹೋಗುವಾಗ ಅದೇ ನಿಮ್ಮನ್ನು ತಳ್ಳುತ್ತದೆ, ವಾಪಸ್ ಬರುವಾಗ ಎದುರಾಗುತ್ತದೆ. ಹೋಗುವುದು ಮೊದಲರ್ಧ, ಬರುವುದು ಎರಡನೇ ಅರ್ಧ ಅಂತ ಹಿಡಿದರೆ ದಮ್ಮಿನ ಬದಲು ಗಾಳಿಯನ್ನೇ ಅಳೆದಂತಾಗುತ್ತದೆ. ಪವರ್ ಮೀಟರ್ (ಪೆಡಲ್ ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸಾಧನ) ಇದ್ದವರು ವೇಗದ ಜಾಗದಲ್ಲಿ ವ್ಯಾಟ್ ಹಾಕಿಕೊಳ್ಳಲಿ. ಇಲ್ಲದವರು ಚಿಕ್ಕದೊಂದು ಸುತ್ತು ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಸುತ್ತಲಿ, ಆಗ ಎರಡೂ ಅರ್ಧಕ್ಕೆ ಗಾಳಿ ಒಂದೇ ಥರ ಸಿಗುತ್ತದೆ. ಅಷ್ಟೇ ಶ್ರಮಕ್ಕೆ ಸೈಕಲ್ ಮೇಲೆ ಬಡಿತ ಓಟಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಪುಟ ಇಡಿ.