ಕಿರು ಅಪ್‌ಡೇಟ್ ಹಾಕುವ ಮುನ್ನ ಮತ್ತು ಹಾಕಿದ ಮೇಲೆ: ನನ್ನ ಅನುಭವ

ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್ ಈ ಮೂರೂ ಕಾರ್ಯಾಚರಣಾ ವ್ಯವಸ್ಥೆಗಳು (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳು) ಬಳಕೆಯಲ್ಲಿರುವ ಒಂದು ಸಣ್ಣ ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ಹಲವು ವರ್ಷಗಳಿಂದ ನನ್ನ ಕೆಲಸ. ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಪರದೆಯಲ್ಲಿ ಕಾಣಿಸಿಕೊಂಡಾಗಲೆಲ್ಲ ಸಹೋದ್ಯೋಗಿಗಳು ಕೇಳುವುದು ಎರಡೇ ಪ್ರಶ್ನೆ: ಇದರಲ್ಲಿ ಹೊಸದೇನಿದೆ, ಮತ್ತು ಇದನ್ನು ಹಾಕಿದರೆ ಏನಾದರೂ ಕೆಡುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸುಲಭ. ಕಿರು ಅಪ್‌ಡೇಟ್‌ನಲ್ಲಿ ಕಣ್ಣಿಗೆ ಕಾಣುವ ಹೊಸತು ಸಾಮಾನ್ಯವಾಗಿ ಇರುವುದೇ ಇಲ್ಲ; ಭದ್ರತೆಯ ಲೋಪಗಳನ್ನು ಮುಚ್ಚುವುದು ಮತ್ತು ಹಿಂದಿನ ಆವೃತ್ತಿಯಲ್ಲಿ ಉಳಿದುಹೋದ ದೋಷಗಳನ್ನು ಸರಿಪಡಿಸುವುದು ಅದರ ಮುಖ್ಯ ಕೆಲಸ. ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮಾತ್ರ ಆಯಾ ಅಪ್‌ಡೇಟ್‌ನ ಬಿಡುಗಡೆ ಟಿಪ್ಪಣಿಯನ್ನು, ಅಂದರೆ ಏನೇನು ಬದಲಾಗಿದೆ ಎಂದು ತಯಾರಕರು ಬರೆದ ವಿವರವನ್ನು, ಓದಲೇಬೇಕು.

ಆವೃತ್ತಿಯ ಸಂಖ್ಯೆ ನಮಗೆ ಸಿಗುವ ಮೊದಲ ಸುಳಿವು. ಮ್ಯಾಕ್‌ಓಎಸ್ 14.4ರಿಂದ 14.4.1ಕ್ಕೆ ಹೋಗುವಾಗ ಮೂರನೆಯ ಅಂಕಿ ಮಾತ್ರ ಬದಲಾಗುತ್ತದೆ. ಅಂಥದ್ದು ಬಹುತೇಕ ದುರಸ್ತಿಯ ಅಪ್‌ಡೇಟ್. 2024ರ ಮಾರ್ಚ್‌ನಲ್ಲಿ ಬಂದ 14.4.1 ಹಾಗೆಯೇ ಇತ್ತು: ಹೊರಗಿನ ಪರದೆಗೆ ಜೋಡಿಸಿದ ಯುಎಸ್‌ಬಿ ಹಬ್‌ಗಳನ್ನು ಕಂಪ್ಯೂಟರ್ ಗುರುತಿಸದಿರುವುದು, ಜಾವಾ ಬಳಸುವ ಕೆಲವು ತಂತ್ರಾಂಶಗಳು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುವುದು ಮುಂತಾದ ತೊಂದರೆಗಳನ್ನು ಅದು ನಿವಾರಿಸಿತು. ವಿಂಡೋಸ್‌ನಲ್ಲಿ ತಿಂಗಳಿಗೊಮ್ಮೆ, ಅಮೆರಿಕದ ಕಾಲಮಾನದ ಎರಡನೆಯ ಮಂಗಳವಾರ, ಭದ್ರತಾ ಅಪ್‌ಡೇಟ್ ಹೊರಡುತ್ತದೆ. 2003ರಿಂದ ಈ ಪದ್ಧತಿ ನಡೆದು ಬಂದಿದೆ. ಈಗಿನ ವಿಂಡೋಸ್‌ನ ಮಾಸಿಕ ಅಪ್‌ಡೇಟ್‌ಗಳು ಸಂಚಿತವಾದವು, ಅಂದರೆ ಒಂದೆರಡು ತಿಂಗಳು ತಪ್ಪಿಸಿಕೊಂಡವರಿಗೂ ಕೊನೆಯದೊಂದನ್ನು ಹಾಕಿದರೆ ಹಿಂದಿನವೆಲ್ಲ ಅದರೊಳಗೇ ಬಂದುಬಿಡುತ್ತವೆ. ತಿಂಗಳ ಕೊನೆಯ ಹೊತ್ತಿಗೆ ‘ಪ್ರಿವ್ಯೂ’ ಎಂಬ ಹೆಸರಿನಲ್ಲಿ ಕಾಣಿಸುವ ಐಚ್ಛಿಕ ಅಪ್‌ಡೇಟನ್ನು ನಾನು ಕಚೇರಿಯ ಯಂತ್ರಗಳಿಗೆ ಹಾಕುವುದಿಲ್ಲ, ಏಕೆಂದರೆ ಅದರಲ್ಲಿರುವ ಸುಧಾರಣೆಗಳು ಮುಂದಿನ ತಿಂಗಳ ಅಪ್‌ಡೇಟ್‌ನಲ್ಲಿ ಹೇಗೂ ಬರುತ್ತವೆ.

ಆದರೆ ಅಂಕಿ ಚಿಕ್ಕದೆಂದು ಬದಲಾವಣೆಯೂ ಚಿಕ್ಕದೆಂದು ಭಾವಿಸಬಾರದು. ಈ ಕೆಲಸದಲ್ಲಿ ನಾನು ಕಲಿತ ಅತಿ ಮುಖ್ಯ ಸಂಗತಿ ಇದೇ. 2022ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಓಎಸ್ 12.3, ವ್ಯವಸ್ಥೆಯ ಜೊತೆಗೇ ಬರುತ್ತಿದ್ದ ಪೈಥಾನ್ 2.7 ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯನ್ನು ತೆಗೆದುಹಾಕಿತು. ಅದನ್ನೇ ನಂಬಿದ್ದ ಹಳೆಯ ಸ್ಕ್ರಿಪ್ಟ್‌ಗಳು ಆ ಕ್ಷಣದಿಂದ ಓಡುವಂತಿರಲಿಲ್ಲ. 2021ರ ಆಗಸ್ಟ್‌ನ ವಿಂಡೋಸ್ ಭದ್ರತಾ ಅಪ್‌ಡೇಟ್, ಪ್ರಿಂಟರ್ ಸೇವೆಯಲ್ಲಿದ್ದ ಗಂಭೀರ ಲೋಪವನ್ನು ಮುಚ್ಚುವ ಸಲುವಾಗಿ, ಪ್ರಿಂಟರ್ ಡ್ರೈವರ್ (ಪ್ರಿಂಟರ್ ಕೆಲಸ ಮಾಡಲು ಕಂಪ್ಯೂಟರ್‌ಗೆ ಬೇಕಾದ ತಂತ್ರಾಂಶ) ಹಾಕಲು ಅಡ್ಮಿನ್, ಅಂದರೆ ಯಂತ್ರದ ನಿರ್ವಾಹಕರ, ಅನುಮತಿ ಬೇಕೆಂಬ ನಿಯಮವನ್ನು ತಂದಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆದರೆ ಹಂಚಿಕೆಯ ಪ್ರಿಂಟರ್ ಬಳಸುವ ಕಚೇರಿಗಳಲ್ಲಿ, ಅಪ್‌ಡೇಟ್ ಆದ ಮರುದಿನ ಸಾಮಾನ್ಯ ಬಳಕೆದಾರರ ಎದುರಿಗೆ ಪಾಸ್‌ವರ್ಡ್ ಕೇಳುವ ಕಿಟಕಿ ತೆರೆದುಕೊಳ್ಳುವ ಸಾಧ್ಯತೆಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದ್ದರಿಂದ ಬಿಡುಗಡೆ ಟಿಪ್ಪಣಿಯಲ್ಲಿ ನಾನು ಮೊದಲು ನೋಡುವುದು ಹೊಸ ಸೌಲಭ್ಯಗಳ ವಿವರವನ್ನಲ್ಲ. ಏನನ್ನು ತೆಗೆದಿದ್ದಾರೆ, ಯಾವ ನಡವಳಿಕೆ ಬದಲಾಗಿದೆ, ತಿಳಿದಿರುವ ಸಮಸ್ಯೆಗಳು ಯಾವುವು ಎಂಬ ಮೂರನ್ನು ಹುಡುಕಿ ಓದುತ್ತೇನೆ.

ಸಿದ್ಧತೆಯಲ್ಲಿ ಬ್ಯಾಕಪ್ ಮೊದಲನೆಯದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಿಸ್ಕ್‌ನಲ್ಲಿ ಖಾಲಿ ಜಾಗ ಎಷ್ಟಿದೆ ಎಂದು ನೋಡುವಾಗ, ಡೌನ್‌ಲೋಡ್‌ನ ಗಾತ್ರಕ್ಕಿಂತ ಬಹಳ ಹೆಚ್ಚಿನ ಜಾಗ ಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು, ಏಕೆಂದರೆ ಫೈಲುಗಳನ್ನು ಬಿಚ್ಚಿಡಲು ಮತ್ತು ಹಳೆಯವನ್ನು ಕೆಲಕಾಲ ಉಳಿಸಿಕೊಳ್ಳಲು ಸ್ಥಳ ಬೇಕು. ಲ್ಯಾಪ್‌ಟಾಪ್ ಚಾರ್ಜರ್‌ಗೆ ಜೋಡಿಸಿರಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ವಿಂಡೋಸ್‌ನಲ್ಲಿ ಡಿಸ್ಕನ್ನು ಗೂಢಲಿಪೀಕರಿಸಿ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು. 2024ರ ಜುಲೈನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಯಂತ್ರಗಳು ಆರಂಭವಾಗುವಾಗಲೇ ಆ 48 ಅಂಕಿಗಳ ಕೀಯನ್ನು ಕೇಳಿದವು. ಕೀ ಎಲ್ಲಿದೆ ಎಂದು ಗೊತ್ತಿದ್ದವರಿಗೆ ಅದು ಕೆಲವೇ ನಿಮಿಷಗಳ ಕೆಲಸ. ಗೊತ್ತಿಲ್ಲದವರಿಗೆ ಡಿಸ್ಕ್‌ನಲ್ಲಿರುವ ಸಮಸ್ತವೂ ಕೈಗೆಟುಕದ ಸ್ಥಿತಿ. ನಾನು ಪ್ರತಿ ಯಂತ್ರದ ಕೀಯನ್ನು ಆ ಯಂತ್ರದಲ್ಲಲ್ಲದೆ ಬೇರೆ ಕಡೆ ಬರೆದಿಟ್ಟಿರುತ್ತೇನೆ ಮತ್ತು ಅಪ್‌ಡೇಟ್‌ಗೆ ಮುನ್ನ ಅದು ಸರಿಯಾಗಿದೆಯೇ ಎಂದು ಪರಿಶೀಲಿಸುತ್ತೇನೆ.

ಹಿಂದಕ್ಕೆ ಬರುವ ದಾರಿ ಇದೆಯೇ ಎಂಬುದನ್ನೂ ಮೊದಲೇ ತಿಳಿದುಕೊಂಡಿರಬೇಕು. ವಿಂಡೋಸ್‌ನಲ್ಲಿ ಮಾಸಿಕ ಅಪ್‌ಡೇಟನ್ನು ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಿಂದಲೇ ತೆಗೆದುಹಾಕಬಹುದು. ಲಿನಕ್ಸ್‌ನ ಬಗೆಗಳಾದ ಉಬುಂಟು, ಡೆಬಿಯನ್‌ಗಳಲ್ಲಿ ಹೊಸ ಕರ್ನಲ್ (ವ್ಯವಸ್ಥೆಯ ತಿರುಳಾದ ತಂತ್ರಾಂಶ) ಬಂದರೂ ಹಿಂದಿನದು ಉಳಿದಿರುತ್ತದೆ, ಮತ್ತು ಆರಂಭದ ಮೆನುವಿನಲ್ಲಿ ಅದನ್ನೇ ಆರಿಸಿಕೊಂಡು ಯಂತ್ರವನ್ನು ಎಬ್ಬಿಸಬಹುದು. ಮ್ಯಾಕ್‌ನಲ್ಲಿ ಮಾತ್ರ 14.4.1ರಿಂದ 14.4ಕ್ಕೆ ಮರಳುವ ಗುಂಡಿ ಎಲ್ಲೂ ಇಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಹಾಕಿಕೊಳ್ಳುವ ದೀರ್ಘ ದಾರಿಯೇ ಗತಿ. ಈ ಕಾರಣಕ್ಕೆ ನಮ್ಮ ಮ್ಯಾಕ್‌ಗಳ ಸರದಿ ಯಾವಾಗಲೂ ಕೊನೆಗೆ ಬರುತ್ತದೆ.

ಅಪ್‌ಡೇಟ್ ನಡೆಯುವಾಗ ಬೇಕಾದದ್ದು ತಾಳ್ಮೆ. ಶೇಕಡಾವಾರು ಸಂಖ್ಯೆ ಒಂದೇ ಕಡೆ ಬಹಳ ಹೊತ್ತು ನಿಲ್ಲುತ್ತದೆ, ಪರದೆ ಕಪ್ಪಾಗುತ್ತದೆ, ಯಂತ್ರ ಒಂದಕ್ಕಿಂತ ಹೆಚ್ಚು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಉಳಿದ ಸಮಯವೆಂದು ತೋರಿಸಿದ ನಿಮಿಷಗಳು ಇಳಿಯುವ ಬದಲು ಏರುತ್ತವೆ. ಇವೆಲ್ಲ ಸಹಜ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನು ಆರಿಸುವುದು ಅಪ್‌ಡೇಟ್‌ಗಿಂತ ಎಷ್ಟೋ ದೊಡ್ಡ ಅಪಾಯ. ಅಪ್‌ಡೇಟ್ ವಿಫಲವಾಯಿತೆಂಬ ಸಂದೇಶ ಬಂದರೂ ಅದೇ ಕ್ರಮವನ್ನು ಮತ್ತೆ ಮತ್ತೆ ಮಾಡುತ್ತಾ ಕೂರದೆ, ತೋರಿಸಿದ ದೋಷ ಸಂಖ್ಯೆಯನ್ನು ತಯಾರಕರ ಟಿಪ್ಪಣಿಯಲ್ಲಿ ಹುಡುಕಬೇಕು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟ್ ಅನೇಕ ಯಂತ್ರಗಳಲ್ಲಿ ಸೇರಲೇ ಇಲ್ಲ; ಅದಕ್ಕೆ ಕಾರಣ, ರಿಕವರಿಗೆಂದು ಮೀಸಲಿಟ್ಟ ಡಿಸ್ಕ್ ಭಾಗದಲ್ಲಿ ಬೇಕಾದ 250 ಎಂಬಿ ಖಾಲಿ ಜಾಗ ಇಲ್ಲದಿರುವುದು. ಆ ಭಾಗವನ್ನು ಹಿಗ್ಗಿಸದೆ ಎಷ್ಟು ಸಲ ಪ್ರಯತ್ನಿಸಿದರೂ ಫಲವಿರಲಿಲ್ಲ.

ಹಾಕಿದ ಮೇಲಿನ ಮೊದಲ ದಿನದ ಬಗ್ಗೆ ಸಹೋದ್ಯೋಗಿಗಳಿಗೆ ನಾನು ಮುಂಚೆಯೇ ತಿಳಿಸಿಡುತ್ತೇನೆ, ಏಕೆಂದರೆ ಹೆಚ್ಚಿನ ದೂರುಗಳು ಹುಟ್ಟುವುದು ಆಗಲೇ. ಯಂತ್ರ ನಿಧಾನವಾಗುತ್ತದೆ, ಬಿಸಿಯಾಗುತ್ತದೆ, ಫ್ಯಾನ್ ಸದ್ದು ಮಾಡುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಮ್ಯಾಕ್‌ನಲ್ಲಿ ಸ್ಪಾಟ್‌ಲೈಟ್ ತನ್ನ ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟಿಕೊಳ್ಳುತ್ತಿರಬಹುದು. ವಿಂಡೋಸ್‌ನಲ್ಲಿ ಹಿನ್ನೆಲೆಯ ಸೇವೆಗಳು ಹಳೆಯ ಫೈಲುಗಳನ್ನು ತೆರವುಗೊಳಿಸುತ್ತಾ ಹೊಸವನ್ನು ಅಣಿಗೊಳಿಸುತ್ತಿರಬಹುದು. ಈ ಕೆಲಸ ಮುಗಿದ ಮೇಲೆ ವೇಗ ತಾನಾಗಿಯೇ ಹಿಂದಿನ ಮಟ್ಟಕ್ಕೆ ಬರುತ್ತದೆ. ಒಂದು ದಿನ ಕಳೆದು, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದ ಮೇಲೂ ನಿಧಾನ ಹಾಗೇ ಉಳಿದರೆ ಮಾತ್ರ ಅದನ್ನು ನಾನು ದೋಷವೆಂದು ಪರಿಗಣಿಸುತ್ತೇನೆ. ಆ ನಡುವೆ ಪ್ರಿಂಟ್ ಮತ್ತು ಸ್ಕ್ಯಾನ್, ಹೊರಗಿನ ಪರದೆ, ನಿದ್ರೆಯಿಂದ ಎದ್ದ ಮೇಲೆ ವೈಫೈ, ವಿಪಿಎನ್, ಲೆಕ್ಕಪತ್ರದ ತಂತ್ರಾಂಶ ಇವಿಷ್ಟನ್ನು ಕೈಯಾರೆ ಪರೀಕ್ಷಿಸುತ್ತೇನೆ. ಡ್ರೈವರ್‌ಗಳನ್ನು ಅವಲಂಬಿಸಿದವೇ ಮೊದಲು ತೊಂದರೆ ಕೊಡುತ್ತವೆ ಎಂಬುದು ನಾನು ಕಂಡುಕೊಂಡ ಮಾತು; ಬ್ರೌಸರ್ ಮತ್ತು ಕಡತಗಳು ಕೆಡುವುದು ತೀರಾ ಅಪರೂಪ.

ಇನ್ನುಳಿದದ್ದು ಯಾವಾಗ ಹಾಕಬೇಕೆಂಬ ಪ್ರಶ್ನೆ. ತಡ ಮಾಡುವುದರ ಬೆಲೆ ಏನೆಂದು, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ವಾನ್ನಾಕ್ರೈ ದಾಳಿ ತೋರಿಸಿಕೊಟ್ಟಿದೆ: ಅದು ಬಳಸಿಕೊಂಡ ಲೋಪಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು, ದಾಳಿ ಹರಡಿದ್ದು ಮೇ 12ರಂದು. ಎಲ್ಲ ಯಂತ್ರಗಳಿಗೂ ಮೊದಲ ದಿನವೇ ಹಾಕುವುದು ಯಾಕೆ ಬೇಡ ಎಂಬುದಕ್ಕೆ ಡೆಬಿಯನ್ 12.3 ಉದಾಹರಣೆ. 2023ರ ಡಿಸೆಂಬರ್‌ನಲ್ಲಿ ಬರಬೇಕಿದ್ದ ಆ ಆವೃತ್ತಿಯ ಕರ್ನಲ್‌ನಲ್ಲಿ, ಎಕ್ಸ್‌ಟಿ4 (ಲಿನಕ್ಸ್ ಫೈಲುಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ಒಂದು ಕ್ರಮ) ಬಳಸುವ ಡಿಸ್ಕ್‌ನ ದತ್ತಾಂಶವನ್ನೇ ಕೆಡಿಸಬಲ್ಲ ದೋಷ ಪತ್ತೆಯಾಯಿತು. ಡೆಬಿಯನ್ ತಂಡ ಬಿಡುಗಡೆಯನ್ನು ತಡೆಹಿಡಿದು, ಕೂಡಲೇ 12.4 ಅನ್ನು ಹೊರತಂದಿತು. ಅಷ್ಟು ಎಚ್ಚರಿಕೆಯ ತಂಡಕ್ಕೂ ಕೊನೆಯ ಗಳಿಗೆಯಲ್ಲಿ ಕಂಡ ದೋಷ ಅದು.

ಆದ್ದರಿಂದ ನಮ್ಮಲ್ಲಿ ಪ್ರತಿ ಬಗೆಯ ಒಂದು ಯಂತ್ರಕ್ಕೆ ಮೊದಲು ಅಪ್‌ಡೇಟ್ ಹಾಕಿ, ಅದರಲ್ಲಿ ಕೆಲವು ದಿನ ನಿತ್ಯದ ಕೆಲಸ ನಡೆಸಿ, ನಂತರ ಉಳಿದವುಗಳಿಗೆ ಹಾಕುತ್ತೇನೆ. ಆದರೆ ಅಪ್‌ಡೇಟ್ ಮುಚ್ಚುವ ಲೋಪವನ್ನು ದಾಳಿಕೋರರು ಈಗಾಗಲೇ ಬಳಸುತ್ತಿದ್ದಾರೆಂದು ಟಿಪ್ಪಣಿಯಲ್ಲಿ ಬರೆದಿದ್ದರೆ ಈ ಕಾಯುವಿಕೆಯನ್ನು ಬಿಟ್ಟು, ಇಂಟರ್‌ನೆಟ್‌ಗೆ ನೇರವಾಗಿ ತೆರೆದುಕೊಂಡ ಯಂತ್ರಗಳಿಂದ ಆರಂಭಿಸಿ, ಅಂದೇ ಎಲ್ಲವನ್ನೂ ಮುಗಿಸುತ್ತೇನೆ.