ಸ್ಟ್ರೈಪ್ಡ್ ಬಾಸ್ ಮೀನಿಗೆ ಕೀಲುಗಳುಳ್ಳ ದೊಡ್ಡ ಫ್ಲೈ ಕಟ್ಟುವ ಬಗೆ

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಗಾಳ ಹಾಕುವವರು ವರ್ಷದ ಬಹುಪಾಲು ಎದುರು ನೋಡುವ ಮೀನೆಂದರೆ ಸ್ಟ್ರೈಪ್ಡ್ ಬಾಸ್. ಬೆಳ್ಳಿ ಬಣ್ಣದ ಮೈಯ ಮೇಲೆ ಏಳೆಂಟು ಕಪ್ಪು ಗೆರೆಗಳಿರುವ ಈ ಮೀನು ವಸಂತದಲ್ಲಿ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿಯೂ ಹಡ್ಸನ್, ಡೆಲವೇರ್ ನದಿಗಳಲ್ಲಿಯೂ ಮೊಟ್ಟೆಯಿಡುತ್ತದೆ. ಬಳಿಕ ನ್ಯೂಜೆರ್ಸಿ, ಲಾಂಗ್ ಐಲೆಂಡ್, ಕೇಪ್ ಕಾಡ್ ತೀರಗಳನ್ನು ಹಿಡಿದು ಉತ್ತರಕ್ಕೆ ಸಾಗಿ, ಮೇಯ್ನ್‌ವರೆಗಿನ ತಂಪು ನೀರಿನಲ್ಲಿ ಬೇಸಿಗೆಯನ್ನು ಕಳೆದು, ಅಕ್ಟೋಬರ್–ನವೆಂಬರ್ ಹೊತ್ತಿಗೆ ಅದೇ ದಾರಿಯಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಈ ಪಯಣದಲ್ಲಿ ದೊಡ್ಡ ಬಾಸ್‌ಗಳು ಬೆನ್ನಟ್ಟುವ ಮುಖ್ಯ ಆಹಾರ ಮೆನ್‌ಹೇಡನ್. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯ ಮೀನುಗಾರರು ಅದನ್ನು ಬಂಕರ್ ಎನ್ನುತ್ತಾರೆ. ನಮ್ಮ ಕರಾವಳಿಯ ಬೂತಾಯಿಗೆ ದೂರದ ಸಂಬಂಧಿಯಾದ, ಎಣ್ಣೆಯಂಶ ಹೆಚ್ಚಿರುವ ಈ ಮೀನು ಬಲಿತಾಗ 25ರಿಂದ 30 ಸೆಂ.ಮೀ. ಉದ್ದವಿರುತ್ತದೆ. ಬಂಕರ್ ಹಿಂಡಿನ ಅಡಿಯಲ್ಲಿ ಹೊಂಚು ಹಾಕಿರುವ ಬಾಸ್‌ನ ಮುಂದೆ ಬೆರಳುದ್ದದ ಫ್ಲೈ, ಅಂದರೆ ಕೊಕ್ಕೆಗೆ ಕೂದಲು, ಗರಿ ಕಟ್ಟಿ ಮಾಡಿದ ಹುಸಿ ಬೇಟೆ, ಎಸೆದರೆ ಅದು ತಿರುಗಿಯೂ ನೋಡದಿರುವ ಸಂಭವವೇ ಹೆಚ್ಚು.

ಹಾಗೆಂದು ಕೈಗೆ ಸಿಕ್ಕಿದಷ್ಟು ಕೂದಲನ್ನು ಕೊಕ್ಕೆಗೆ ಕಟ್ಟಿ ಉದ್ದ ಮಾಡಿದರೆ ಕೆಲಸ ಕೆಡುತ್ತದೆ. ನೀರು ಕುಡಿದು ಭಾರವಾದ ಫ್ಲೈಯನ್ನು ಫ್ಲೈ ರಾಡಿನಿಂದ ಎಸೆಯುವುದು ಕಷ್ಟ. ಎಸೆದರೂ ಅದು ನೀರಿನಲ್ಲಿ ಜೀವವಿಲ್ಲದಂತೆ ನೆಟ್ಟಗೆ ಬರುತ್ತದೆ. ಆದ್ದರಿಂದ ದೊಡ್ಡ ಫ್ಲೈ ಕಟ್ಟುವುದೆಂದರೆ ಹೆಚ್ಚು ಸಾಮಗ್ರಿ ತುಂಬುವುದಲ್ಲ. ಸಾಧ್ಯವಾದಷ್ಟು ಕಡಿಮೆ ಸಾಮಗ್ರಿಯಿಂದ ನೀರಿನಲ್ಲಿ ದೊಡ್ಡದಾಗಿ ಕಾಣುವ, ಗಾಳಿಯಲ್ಲಿ ನೀರು ಕೊಡವಿಕೊಂಡು ಹಗುರವಾಗುವ ಆಕಾರವನ್ನು ಕಟ್ಟುವುದು. ಮುಂದಿನ ಪ್ರತಿಯೊಂದು ಹಂತದಲ್ಲಿಯೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಈ ಹಾದಿಯನ್ನು ಮೂವರು ಮುಖ್ಯವಾಗಿ ತೆರೆದಿದ್ದಾರೆ. 1950ರ ದಶಕದ ಕೊನೆಯಲ್ಲಿ ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್‌ಗಾಗಿಯೇ ಲೆಫ್ಟಿ ಕ್ರೇ ರೂಪಿಸಿದ ‘ಡಿಸೀವರ್’, ಬಾಲದ ಗರಿಗಳು ಕೊಕ್ಕೆಗೆ ಸುತ್ತಿಕೊಳ್ಳದಂತೆ ಕಟ್ಟುವುದು ಹೇಗೆಂದು ತೋರಿಸಿತು. 1991ರಲ್ಲಿ ಅದು ಅಮೆರಿಕದ ಅಂಚೆ ಚೀಟಿಯ ಮೇಲೂ ಬಂತು. ನ್ಯೂಜೆರ್ಸಿಯ ಬಾಬ್ ಪೊಪೊವಿಕ್ಸ್ ಜಿಂಕೆಯ ಬಾಲದ ಕೂದಲನ್ನು ಹಿಂದುಮುಂದಾಗಿ ಕಟ್ಟಿ ಒಳಗೆ ಟೊಳ್ಳು ಉಳಿಸುವ ವಿಧಾನವನ್ನು ಬೆಳೆಸಿದರು. ವರ್ಜೀನಿಯಾದ ಬ್ಲೇನ್ ಚಾಕ್ಲೆಟ್ ಚಿಕ್ಕ ಚಿಕ್ಕ ತಂತಿ ತುಂಡುಗಳನ್ನು ಬೆನ್ನುಮೂಳೆಯ ಹಾಗೆ ಒಂದಕ್ಕೊಂದು ಪೋಣಿಸಿ ‘ಗೇಮ್ ಚೇಂಜರ್’ ಎಂಬ ಕೀಲುಗಳ ಫ್ಲೈಯನ್ನು ಬಳಕೆಗೆ ತಂದರು. ಇಲ್ಲಿ ವಿವರಿಸುವ ಫ್ಲೈ ಪೊಪೊವಿಕ್ಸ್‌ರ ಟೊಳ್ಳನ್ನೂ ಚಾಕ್ಲೆಟ್‌ರ ಕೀಲನ್ನೂ ಕೂಡಿಸಿಕೊಂಡದ್ದು. ಉದ್ದ ಸುಮಾರು 22 ಸೆಂ.ಮೀ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಉಪ್ಪುನೀರಿಗೆ ತಡೆಯುವ 6/0 ಅಳತೆಯ ಕೊಕ್ಕೆ ಒಂದು. 15, 20, 20 ಮತ್ತು 25 ಮಿ.ಮೀ. ಉದ್ದದ ನಾಲ್ಕು ಶ್ಯಾಂಕ್‌ಗಳು, ಅಂದರೆ ಒಂದಕ್ಕೊಂದು ಪೋಣಿಸುವ ತಂತಿ ತುಂಡುಗಳು, ಬಲವಾದ ದಾರ, ಬಿಳಿ, ತಿಳಿ ಗುಲಾಬಿ ಮತ್ತು ಪಾಚಿ ಬಣ್ಣದ ಬಕ್‌ಟೇಲ್, ಅಂದರೆ ಅಮೆರಿಕದ ಬಿಳಿಬಾಲದ ಜಿಂಕೆಯ ಬಾಲದ ಕೂದಲು, ಹುಂಜದ ಬೆನ್ನಿನ ಉದ್ದ ಗರಿಗಳು ಆರು, ಕೆಲವು ಹೊಳೆಯುವ ಎಳೆಗಳು, ಕೊಕ್ಕೆಗೆ ಕೊನೆಯ ಶ್ಯಾಂಕ್ ಜೋಡಿಸಲು ತುಸು ಸ್ಟೀಲ್ ತಂತಿ, 10 ಮಿ.ಮೀ. ಅಂಟು ಕಣ್ಣುಗಳು, ಸೂಪರ್ ಗ್ಲೂ ಮತ್ತು ಯುವಿ ದೀಪದಲ್ಲಿ ಗಟ್ಟಿಯಾಗುವ ರಾಳ. ಜಿಎಸ್‌ಪಿ ಎಂಬ ದಾರ ತುಂಬ ಗಟ್ಟಿ, ಆದರೆ ನುಣುಪಿನಿಂದಾಗಿ ಜಾರುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಹೊಸಬರು 210 ಡೆನಿಯರ್ (ದಾರದ ದಪ್ಪದ ಅಳತೆ) ಪಾಲಿಯೆಸ್ಟರ್ ದಾರದಿಂದ ಆರಂಭಿಸುವುದು ಒಳ್ಳೆಯದು. ಭಾರತದಲ್ಲಿ ಕುಳಿತು ಇದನ್ನು ಕಟ್ಟಿ ನೋಡಬಯಸುವವರಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ: ನಮ್ಮ ಚುಕ್ಕೆ ಜಿಂಕೆಯ ಅಥವಾ ಕಡವೆಯ ಕೂದಲನ್ನು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ, ಮೇಕೆಯ ಉದ್ದ ಕೂದಲು ಅಥವಾ ಕೃತಕ ನಾರು ಸಾಕು.

ಕೆಲಸಕ್ಕೆ ತೊಡಗುವ ಮೊದಲು ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಕೆಲವು ಕೊಕ್ಕೆಗಳು ಹಾಗೆ ಒತ್ತುವಾಗ ಮುರಿಯುತ್ತವೆ. ಈಗ ಮುರಿದರೆ ನಷ್ಟವಾಗುವುದು ಬರಿಯ ಕೊಕ್ಕೆ, ಕಟ್ಟಿ ಮುಗಿಸಿದ ಮೇಲೆ ಮುರಿದರೆ ಒಂದು ಸಂಜೆಯ ದುಡಿಮೆ.

ಕಟ್ಟುವುದು ಬಾಲದಿಂದ ಆರಂಭವಾಗುತ್ತದೆ. ಪ್ರತಿ ಶ್ಯಾಂಕ್‌ನ ಮುಂತುದಿಯಲ್ಲಿ ಮುಚ್ಚಿದ ಚಿಕ್ಕ ಉಂಗುರವೂ ಹಿಂತುದಿಯಲ್ಲಿ ತೆರೆದ ಕುಣಿಕೆಯೂ ಇರುತ್ತವೆ. 15 ಮಿ.ಮೀ. ಶ್ಯಾಂಕ್‌ನ ಕುಣಿಕೆಯನ್ನು ವೈಸ್‌ನಲ್ಲಿ, ಅಂದರೆ ಕಟ್ಟುವಾಗ ಬಿಗಿಯಾಗಿ ಹಿಡಿದಿಡುವ ಸಲಕರಣೆಯಲ್ಲಿ, ಕಚ್ಚಿಸಿ, ತಂತಿಯ ಎರಡು ಎಳೆಗಳನ್ನು ದಾರದಿಂದ ಬಿಗಿಯಾಗಿ ಸುತ್ತಿ, ಒಂದು ಹನಿ ಸೂಪರ್ ಗ್ಲೂ ಹಾಕಬೇಕು. ಕುಣಿಕೆಯ ಮುಂದೆ ಚಿಟಿಕೆಯಷ್ಟು ಬಿಳಿ ಬಕ್‌ಟೇಲ್ ಕಟ್ಟಿ, ಅದರ ಎರಡೂ ಪಕ್ಕಕ್ಕೆ ಮೂರು ಮೂರು ಗರಿಗಳನ್ನು ಒಳಬಾಗು ಒಂದಕ್ಕೊಂದು ಎದುರಾಗುವಂತೆ ಕೂರಿಸಬೇಕು. ಗರಿಗಳು ಶ್ಯಾಂಕ್‌ನಿಂದ ಹಿಂದಕ್ಕೆ ಒಂಬತ್ತು ಹತ್ತು ಸೆಂ.ಮೀ. ಚಾಚಿದರೆ ಸಾಕು. ಅಡಿಯ ಕೂದಲು ಗರಿಗಳಿಗೆ ಆಸರೆಯಾಗಿ ನಿಂತು, ಎಸೆಯುವಾಗ ಅವು ಮುಂದಿನ ಕೀಲಿಗೆ ಸುತ್ತಿಕೊಳ್ಳುವುದನ್ನು ತಪ್ಪಿಸುತ್ತದೆ. ಬಾಲದಲ್ಲಿ ಹೊಳೆಯುವ ಎಳೆಗಳು ನಾಲ್ಕಕ್ಕಿಂತ ಹೆಚ್ಚು ಬೇಡ.

ಎರಡನೆಯ ಶ್ಯಾಂಕ್‌ನ ತೆರೆದ ಕುಣಿಕೆಗೆ ಮೊದಲನೆಯದರ ಉಂಗುರವನ್ನು ಪೋಣಿಸಿ, ಕುಣಿಕೆಯ ಬಾಯನ್ನು ದಾರ ಸುತ್ತಿ ಮುಚ್ಚಬೇಕು. ಇಲ್ಲಿ ನೋಡಬೇಕಾದದ್ದು ಎರಡು. ಎಲ್ಲ ಕುಣಿಕೆಗಳೂ ಒಂದೇ ಸಮತಲದಲ್ಲಿರಬೇಕು. ಒಂದು ತಿರುಚಿಕೊಂಡರೂ ಫ್ಲೈ ಪಕ್ಕಕ್ಕೆ ವಾಲಿಕೊಂಡೇ ಈಜುತ್ತದೆ, ಆಮೇಲೆ ಅದನ್ನು ಸರಿಪಡಿಸಲು ಬರುವುದಿಲ್ಲ. ಎರಡನೆಯದಾಗಿ, ಕೀಲು ಸರಾಗವಾಗಿ ಆಡಲು ಕುಣಿಕೆಯ ಮುಂದೆ ಎರಡು ಮೂರು ಮಿ.ಮೀ. ಜಾಗವನ್ನು ಬರಿದಾಗಿ ಬಿಡಬೇಕು. ಕೂದಲಿನ ಬುಡವೋ ಅಂಟೋ ಕೀಲಿನೊಳಗೆ ಸೇರಿತೆಂದರೆ ಅಲ್ಲಿ ಕೀಲಿದ್ದೂ ಇಲ್ಲದಂತೆ.

ಇನ್ನು ಟೊಳ್ಳು ಕಟ್ಟುವ ಕ್ರಮ. ಇಡೀ ಫ್ಲೈಯ ಗುಣ ನಿಂತಿರುವುದು ಇದರ ಮೇಲೆ. ಜಿಂಕೆಯ ಬಾಲದಲ್ಲಿ ತುದಿಯ ಕಡೆಯ ಕೂದಲು ಗಟ್ಟಿಯಾಗಿದ್ದು ನೆಟ್ಟಗೆ ಕೂರುತ್ತದೆ. ಬುಡದ ಕಡೆಯದು ಒಳಗೆ ಪೊಳ್ಳಾಗಿದ್ದು ದಾರ ಬಿಗಿದ ಕೂಡಲೇ ಕೊಡೆಯಂತೆ ಅರಳುತ್ತದೆ. ಫ್ಲೈಯ ಬಾಲಕ್ಕೆ ತುದಿಯ ಕೂದಲನ್ನೂ ಮೈಗೆ ನಡುಭಾಗದ್ದನ್ನೂ ತಲೆಗೆ ಬುಡದ್ದನ್ನೂ ಬಳಸಬೇಕು. ಬೆಂಕಿಕಡ್ಡಿಯ ದಪ್ಪದಷ್ಟು ಕೂದಲನ್ನು ಕತ್ತರಿಸಿಕೊಂಡು, ಅದರೊಳಗಿನ ತುಪ್ಪಳವನ್ನೂ ತೀರ ಗಿಡ್ಡ ಎಳೆಗಳನ್ನೂ ಬೆರಳಿನಿಂದ ಕಿತ್ತು ತೆಗೆಯಬೇಕು. ತುದಿಗಳನ್ನು ಸಮ ಮಾಡುವ ಗೋಜಿಗೆ ಹೋಗಬಾರದು. ಏರುಪೇರಾದ ತುದಿಗಳಿಂದಲೇ ಮೈಗೆ ಮೀನಿನ ಇಳಿಜಾರು ಬರುವುದು.

ಈ ಕೂದಲನ್ನು ತುದಿಗಳು ಮುಂದಕ್ಕೆ, ಅಂದರೆ ಶ್ಯಾಂಕ್‌ನ ಉಂಗುರವನ್ನು ದಾಟಿ ಚಾಚುವಂತೆ ಹಿಡಿದು, ಬುಡವನ್ನು ಎರಡು ಸಡಿಲ ಸುತ್ತುಗಳಿಂದ ಕಟ್ಟಬೇಕು. ದಾರವನ್ನು ಪೂರ್ತಿ ಬಿಗಿಯುವ ಮೊದಲು ಹೆಬ್ಬೆರಳಿನಿಂದ ಒತ್ತುತ್ತ ಕೂದಲನ್ನು ಶ್ಯಾಂಕ್‌ನ ಸುತ್ತಲೂ ಸಮವಾಗಿ ಹರಡಬೇಕು. ಒಂದೆಡೆ ಗುಂಪಾಗಿ ಇನ್ನೊಂದೆಡೆ ಬರಿದಾಗಿ ಉಳಿದರೆ ನೀರಿನಲ್ಲಿ ಅದು ಎದ್ದು ಕಾಣುತ್ತದೆ. ಆಮೇಲೆ ಬಿಗಿದು, ರೀಫಿಲ್ ತೆಗೆದ ಬಾಲ್ ಪೆನ್ನಿನ ಖಾಲಿ ಕೊಳವೆಯನ್ನು ಮುಂದಿನಿಂದ ಶ್ಯಾಂಕ್‌ಗೆ ತೂರಿಸಿ ಹಿಂದಕ್ಕೆ ಒತ್ತಿದರೆ ಎಲ್ಲ ಎಳೆಗಳೂ ಒಟ್ಟಿಗೆ ಹಿಮ್ಮುಖವಾಗಿ ಮಡಚಿಕೊಳ್ಳುತ್ತವೆ. ಕೊಳವೆಯನ್ನು ತೆಗೆದು, ಮಡಚಿದ ಕೂದಲಿನ ಮುಂದೆ ದಾರದಿಂದ ಒಂದು ಸಣ್ಣ ದಿಣ್ಣೆ ಕಟ್ಟಬೇಕು. ಕೂದಲು ಎಷ್ಟು ಅರಳಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಈ ದಿಣ್ಣೆಯೇ: ದಾರವನ್ನು ಕೂದಲಿನ ಬುಡದ ಮೇಲೆ ಹತ್ತಿಸಿದಷ್ಟೂ ಅದು ಮೈಗೆ ಒರಗುತ್ತದೆ, ಬುಡಕ್ಕೆ ತಾಗಿಸಿ ಮುಂದೆಯೇ ನಿಲ್ಲಿಸಿದರೆ ಎದ್ದು ನಿಲ್ಲುತ್ತದೆ. ಸರಿಯಾಗಿ ಕಟ್ಟಿದ ಭಾಗವನ್ನು ಬೆಳಕಿಗೆ ಹಿಡಿದರೆ ಕೂದಲಿನ ಪರದೆಯ ಹಿಂದೆ ಶ್ಯಾಂಕ್ ಕಾಣಬೇಕು.

ಇದೇ ಕ್ರಮದಲ್ಲಿ ಉಳಿದ ಶ್ಯಾಂಕ್‌ಗಳನ್ನು ಸೇರಿಸುತ್ತ ಹೋಗಬೇಕು. ಚಿಕ್ಕ ಶ್ಯಾಂಕ್ ಬಾಲಕ್ಕೆ, ದೊಡ್ಡದು ಕೊಕ್ಕೆಯ ಕಡೆಗೆ ಬರಬೇಕೆಂಬುದಕ್ಕೆ ಕಾರಣವಿದೆ: ಅಗಲವಾದ ತಲೆ ನೀರನ್ನು ಸರಿಸಿದಾಗ ಹುಟ್ಟುವ ಅಲೆ ಹಿಂದಕ್ಕೆ ಹರಿಯುತ್ತ ಕೀಲಿನಿಂದ ಕೀಲಿಗೆ ದಾಟುತ್ತದೆ, ಹಿಂದಿನ ಭಾಗ ಚಿಕ್ಕದೂ ಹಗುರವೂ ಆದಷ್ಟು ಬಾಲದ ಬೀಸು ಹೆಚ್ಚುತ್ತದೆ. ಪ್ರತಿ ಭಾಗದ ಕೂದಲು ಹಿಂದಿನ ಕೀಲನ್ನು ಮುಚ್ಚಿ ಅದರಾಚೆಯ ಭಾಗದ ಅರ್ಧದವರೆಗೆ ತಲುಪಿದರೆ ಸಾಕು. ಬಹುತೇಕರು ಮೂರನೆಯ ಶ್ಯಾಂಕ್ ಹೊತ್ತಿಗೆ ಕೈ ಬಿಗಿ ಹಿಡಿಯುವುದನ್ನು ಮರೆಯುತ್ತಾರೆ. ಒಣಗಿದ್ದಾಗ ಫ್ಲೈ ಬಡಕಲಾಗಿ ಕಾಣುವುದರಿಂದ ಇನ್ನಷ್ಟು ಕೂದಲು ಸೇರಿಸುವ ಆಸೆಯಾಗುತ್ತದೆ. ಸೇರಿಸಿದಷ್ಟೂ ಕೀಲುಗಳು ಬಿರುಸಾಗುತ್ತವೆ.

ಕೊಕ್ಕೆಯನ್ನು ಕೊನೆಯ ಶ್ಯಾಂಕ್‌ಗೆ ಜೋಡಿಸಲು ಸ್ಟೀಲ್ ತಂತಿಯನ್ನು ಉಂಗುರದ ಮೂಲಕ ಹಾಯಿಸಿ, ಎರಡೂ ತುದಿಗಳನ್ನು ಕೊಕ್ಕೆಯ ಕಾಂಡದ ಎರಡು ಪಕ್ಕಕ್ಕೆ ಉದ್ದಕ್ಕೂ ಮಲಗಿಸಿ ದಾರದಿಂದ ಸುತ್ತಬೇಕು. ನಂತರ ತಂತಿಯ ತುದಿಗಳನ್ನು ಹಿಂದಕ್ಕೆ ಮಡಚಿ ಮತ್ತೊಮ್ಮೆ ಸುತ್ತಿ ಅಂಟು ಹಾಕಿದರೆ ಎಂತಹ ಎಳೆತಕ್ಕೂ ಅದು ಜಾರುವುದಿಲ್ಲ. ತಂತಿಯ ಕುಣಿಕೆ ಗಿಡ್ಡವಾಗಿದ್ದು ನಿಲ್ಲುವಷ್ಟು ಬಿರುಸಾಗಿರಲಿ. ಉದ್ದವಾದರೆ ಮೈಯೆಲ್ಲ ಹಿಂದಕ್ಕೆ ಮಡಚಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯ ಕಾಂಡದ ಅಡಿಯಲ್ಲಿ ಸೀಸವಿಲ್ಲದ ಭಾರದ ತಂತಿಯ ಒಂದು ತುಂಡನ್ನು ಕಟ್ಟಿದರೆ ಫ್ಲೈ ಮಗುಚದೆ ಹೊಟ್ಟೆ ಕೆಳಗಾಗಿಯೇ ನಿಲ್ಲುತ್ತದೆ. ಅದರ ಮೇಲೆ ಎರಡು ಸುತ್ತು ಟೊಳ್ಳು ಕೂದಲು: ಹಿಂದೆ ನಡುಭಾಗದ್ದು, ಮುಂದೆ ಬುಡದ ಕಡೆಯ ಅರಳುವ ಕೂದಲು.

ಬಣ್ಣದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹೊಟ್ಟೆಗೆ ಬಿಳಿ, ಪಕ್ಕೆಗೆ ತುಸು ಗುಲಾಬಿ, ಬೆನ್ನಿಗೆ ಪಾಚಿ ಬಣ್ಣವಿದ್ದರೆ ಬಂಕರ್‌ನ ಛಾಯೆ ಬರುತ್ತದೆ. ರಾತ್ರಿಯ ಮೀನುಗಾರಿಕೆಗೆ ಅಚ್ಚ ಕಪ್ಪು ಫ್ಲೈ ಇರಲಿ, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಮಸುಕು ಬೆಳಕಿನೆದುರು ಕಪ್ಪು ಆಕಾರವೇ ಸ್ಪಷ್ಟ. ಕಣ್ಣುಗಳನ್ನು ಅಂಟಿಸಿ ರಾಳ ಸವರುವಾಗ ಅದು ಕೂದಲಿನೊಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಕಿವಿರಿನ ಹಿಂದೆ ಬಂಕರ್‌ಗೆ ಒಂದು ಕಪ್ಪು ಮಚ್ಚೆ ಇರುತ್ತದೆ. ಮಾರ್ಕರ್ ಪೆನ್ನಿನಿಂದ ಆ ಮಚ್ಚೆಯನ್ನು ಇಡಬಹುದು. ಅದರಿಂದ ಮೀನು ಮೋಸ ಹೋಗುತ್ತದೋ ಕಟ್ಟಿದವರು ಸಮಾಧಾನಗೊಳ್ಳುತ್ತಾರೋ, ಮಾಡಿದರೆ ನಷ್ಟವಂತೂ ಇಲ್ಲ.

ಮುಗಿದ ಫ್ಲೈಯನ್ನು ಕಡಲಿಗೆ ಒಯ್ಯುವ ಮೊದಲು ಸ್ನಾನದ ತೊಟ್ಟಿಯಲ್ಲಿ ಪರೀಕ್ಷಿಸಬೇಕು. ಪೂರ್ತಿ ನೆನೆಸಿ, ದಾರ ಕಟ್ಟಿ, ಒಂದು ಸಲ ಜಗ್ಗಿ ನಿಲ್ಲಿಸಿದಾಗ ತಲೆ ನಿಂತು ಬಾಲ ಪಕ್ಕಕ್ಕೆ ಬಂದು ಮೈ ಬಾಗಬೇಕು. ನೆಟ್ಟಗೆ ಬಂದರೆ ಯಾವ ಕೀಲು ಬಿಗಿಯಾಗಿದೆಯೆಂದು ನೋಡಿ, ಕತ್ತರಿಯನ್ನು ಉದ್ದಕ್ಕೆ ಹಿಡಿದು ಅಲ್ಲಿನ ಕೂದಲನ್ನು ತೆಳುಗೊಳಿಸಬೇಕು. ಅಡ್ಡಕ್ಕೆ ಕತ್ತರಿಸಿದರೆ ಆಕಾರ ಮೊಂಡಾಗುತ್ತದೆ. ನೀರಿನಿಂದ ಎತ್ತಿ ಒಮ್ಮೆ ಜೋರಾಗಿ ಕೊಡವಿದರೆ ಬಹುಪಾಲು ನೀರು ಸಿಡಿದು ಹೋಗಬೇಕು. ಆಮೇಲೂ ತೊಟ್ಟಿಕ್ಕುತ್ತಲೇ ಇದ್ದರೆ ಕೂದಲು ಹೆಚ್ಚಾಯಿತೆಂದೇ ಅರ್ಥ.

ಎರಡನೆಯ ಕೊಕ್ಕೆಯನ್ನು ಬಾಲದ ಹತ್ತಿರ ಸೇರಿಸುವ ರೂಢಿಯೂ ಇದೆ. ನನಗೆ ಅದು ಸಮ್ಮತವಲ್ಲ. ದೊಡ್ಡ ಬಾಸ್ ಸಾಮಾನ್ಯವಾಗಿ ಬೇಟೆಯನ್ನು ಕಚ್ಚಿ ತುಂಡರಿಸುವುದಿಲ್ಲ, ಬಾಯಿ ತೆರೆದು ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ತಲೆಯ ಕಡೆಯ ಒಂದು ಕೊಕ್ಕೆಯೇ ಸಾಕಾಗುತ್ತದೆ. ಇನ್ನೂ ಮುಖ್ಯವಾದ ಕಾರಣವೊಂದಿದೆ. 2015ರಲ್ಲಿ ಹುಟ್ಟಿದ ದೊಡ್ಡ ಪೀಳಿಗೆಯನ್ನು ಉಳಿಸಿಕೊಳ್ಳಲು ಅಟ್ಲಾಂಟಿಕ್ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗವು 2023ರ ಮೇ ತಿಂಗಳಲ್ಲಿ ತುರ್ತು ಕ್ರಮ ಕೈಗೊಂಡು, ಹವ್ಯಾಸಕ್ಕಾಗಿ ಹಿಡಿಯುವವರು 31 ಇಂಚಿಗಿಂತ ಉದ್ದದ ಸ್ಟ್ರೈಪ್ಡ್ ಬಾಸ್ ಇಟ್ಟುಕೊಳ್ಳುವಂತಿಲ್ಲವೆಂದು ಮಿತಿ ಹಾಕಿತು. ಹೀಗಿರುವಾಗ ಇಂತಹ ಫ್ಲೈ ಆಕರ್ಷಿಸುವ ದೊಡ್ಡ ಮೀನುಗಳನ್ನು ಮರಳಿ ನೀರಿಗೆ ಬಿಡುವುದೆಂದೇ ತಿಳಿದು ಕಟ್ಟಬೇಕು. ಎರಡು ಕೊಕ್ಕೆಗಳಿದ್ದರೆ ಒಂದು ಬಾಯಲ್ಲಿ, ಇನ್ನೊಂದು ಕಿವಿರಿನಲ್ಲೋ ಕಣ್ಣಿನಲ್ಲೋ ನಾಟುವ ಅಪಾಯವಿದೆ. ಬಿಡಿಸುವವರ ಅಂಗೈಗೂ ಅದು ಕ್ಷೇಮವಲ್ಲ.

ಎಸೆಯಲು 10 ಅಥವಾ 11 ವೇಯ್ಟ್ (ರಾಡಿನ ಬಲ ಸೂಚಿಸುವ ಅಂಕಿ) ರಾಡ್, ನಿಧಾನವಾಗಿ ಮುಳುಗುವ ಇಂಟರ್‌ಮೀಡಿಯೆಟ್ ಲೈನ್, ಒಂದೂವರೆ ಎರಡು ಮೀಟರ್ ಉದ್ದದ 30 ಪೌಂಡ್ ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ಎಳೆ, ಇರಬೇಕು. ಫ್ಲೈಯನ್ನು ಬಿಗಿ ಗಂಟಿನಿಂದ ಕಟ್ಟದೆ ಕುಣಿಕೆ ಗಂಟಿನಿಂದ ಕಟ್ಟಿದರೆ ತಲೆಗೂ ಆಡಲು ಜಾಗ ಸಿಗುತ್ತದೆ. ಒಂದು ಉದ್ದ ಎಳೆತ, ನಂತರ ಪೂರ್ತಿ ನಿಲುಗಡೆ. ಬಾಸ್ ಹೆಚ್ಚಾಗಿ ಬಾಯಿ ಹಾಕುವುದು ಫ್ಲೈ ಅಡ್ಡಡ್ಡ ತಿರುಗುವ ಆ ನಿಲುಗಡೆಯಲ್ಲಿಯೇ.

ಅದೇ ನೀರಿನಲ್ಲಿ ಬ್ಲೂಫಿಶ್ ಹಿಂಡು ಬಂದರೆ ಫ್ಲೈಯ ಬಾಲಕ್ಕೆ ಉಳಿಗಾಲವಿಲ್ಲ. ಅವುಗಳ ಹಲ್ಲು ಗರಿಗಳನ್ನು ಕತ್ತರಿಯಂತೆ ಕತ್ತರಿಸುತ್ತದೆ. ಹಾಗಾದಾಗ ಇಡೀ ಫ್ಲೈಯನ್ನು ಎಸೆಯಬೇಕಾಗಿಲ್ಲ. ಎರಡನೆಯ ಶ್ಯಾಂಕ್‌ನ ಕುಣಿಕೆಯ ಬಾಯಿ ಮುಚ್ಚಿರುವ ದಾರವನ್ನು ಬ್ಲೇಡಿನಿಂದ ಎಚ್ಚರವಾಗಿ ಕೊಯ್ದು, ಹಾಳಾದ ಬಾಲವನ್ನು ಕಳಚಿ, ಮೊದಲೇ ಕಟ್ಟಿಟ್ಟ ಇನ್ನೊಂದು ಬಾಲವನ್ನು ಪೋಣಿಸಿ ಮತ್ತೆ ಸುತ್ತಬಹುದು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು, ಕೊಕ್ಕೆಯಿಂದ ತೂಗುಹಾಕಿ ಒಣಗಿಸಬೇಕು. ಡಬ್ಬಿಯಲ್ಲಿ ಮಡಚಿಕೊಂಡು ಸೊಟ್ಟಗಾದ ಕೂದಲಿಗೆ ಕುದಿಯುವ ನೀರಿನ ಹಬೆಯನ್ನು ಅರೆ ನಿಮಿಷ ತಾಕಿಸಿ ಬೆರಳಿನಿಂದ ನೇವರಿಸಿದರೆ ಅದು ಮತ್ತೆ ನೆಟ್ಟಗಾಗುತ್ತದೆ.