ಬಾಯೊಳಗೆ ನೋವಿಲ್ಲದ ಗಂಟು: ನಾನು ನೋಡುವ ಬಗೆ

‘ನೋವೇನೂ ಇಲ್ಲ ಡಾಕ್ಟ್ರೇ’ ಅಂದ ಮಾತ್ರಕ್ಕೆ ಗಂಟು ನಿರಪಾಯ ಎಂದು ನಾನು ಬರೆದುಕೊಳ್ಳುವುದಿಲ್ಲ. ಬಾಯಿಯ ಕ್ಯಾನ್ಸರ್ ಕೂಡ ಶುರುವಿನಲ್ಲಿ ನೋಯದೇ ಇರಬಹುದು. ಅದಕ್ಕೇ ಮೊದಲು ಕೇಳುವುದು ಎಷ್ಟು ದಿನದಿಂದ ಇದೆ, ಆಮೇಲೆ ಗ್ಲೌಸ್ ಹಾಕಿದ ಬೆರಳಿನ ಕೆಲಸ.

ಕನ್ನಡಿಯಲ್ಲಿ ನೋಡಿಕೊಂಡು ಗಾಬರಿಯಾಗುವ ಎಷ್ಟೋ ಉಬ್ಬುಗಳು ಎಲ್ಲರಲ್ಲೂ ಇರುವಂಥವೇ. ನಾಲಿಗೆಯ ಬುಡದ ಕಡೆ ಸಾಲಾಗಿರುವ ದಪ್ಪ ಮೊಗ್ಗುಗಳು ಹಾಗೆ. ಮೇಲಿನ ಎರಡನೇ ದವಡೆ ಹಲ್ಲಿನ ಎದುರು ಕೆನ್ನೆಯೊಳಗಿರುವ ಪುಟ್ಟ ತೊಟ್ಟೂ ಹಾಗೇ: ಅದನ್ನು ಒರೆಸಿ, ಹೊರಗಿನಿಂದ ಕಿವಿಯ ಕಡೆಯಿಂದ ಮುಂದಕ್ಕೆ ಕೆನ್ನೆ ನೀವಿದರೆ ತುದಿಯಲ್ಲಿ ತಿಳಿ ಜೊಲ್ಲಿನ ಹನಿ ಮೂಡುತ್ತದೆ.

ಕೆಳತುಟಿಯ ಒಳಗೆ ತುಸು ನೀಲಿಯಾಗಿ, ಮೆತ್ತಗೆ ಕೂತ ಗುಳ್ಳೆ ಬಹುಪಾಲು ಮ್ಯೂಕೋಸೀಲ್. ತುಟಿ ಕಚ್ಚಿಕೊಂಡಾಗ ಸಣ್ಣ ಜೊಲ್ಲುಗ್ರಂಥಿಯ ನಾಳ ಹರಿದು, ಜೊಲ್ಲು ಒಳಗೇ ಸೋರಿ ನಿಲ್ಲುತ್ತದೆ. ಒಡೆದು ಅಂಟಂಟು ನೀರು ಬಂತು, ಕೆಲವೇ ದಿನಕ್ಕೆ ಮತ್ತೆ ತುಂಬಿಕೊಂಡಿತು ಎಂದರೆ ಅನುಮಾನ ಮುಕ್ಕಾಲು ಪಾಲು ತೀರಿದಂತೆ. ಸೂಜಿಯಿಂದ ಖಾಲಿ ಮಾಡಿದರೆ ಮರಳಿ ಬರುತ್ತದೆ, ಸೋರುವ ಗ್ರಂಥಿ ಅಲ್ಲೇ ಇರುತ್ತದಲ್ಲ. ಗುಳ್ಳೆಯ ಜೊತೆ ಗಾಯದ ಅಂಚಿನಲ್ಲಿ ಮಣಿಗಳಂತೆ ಇಣುಕುವ ಗ್ರಂಥಿಗಳನ್ನೂ ತೆಗೆಯಬೇಕು. ಹೊಲಿಗೆಯ ಸೂಜಿ ಪಕ್ಕದ ಗ್ರಂಥಿಗೆ ತಾಗಿದರೆ ಇನ್ನೊಂದು ಗುಳ್ಳೆಗೆ ನಾವೇ ದಾರಿ ಮಾಡಿಕೊಟ್ಟಂತೆ. ಮೇಲ್ತುಟಿಯ ಗಟ್ಟಿ ಗಂಟನ್ನು ಮಾತ್ರ ಮ್ಯೂಕೋಸೀಲ್ ಅಂದುಕೊಳ್ಳಬಾರದು, ಅಲ್ಲಿ ಗ್ರಂಥಿಯ ಗೆಡ್ಡೆಯ ಶಂಕೆ ಹೆಚ್ಚು.

ಹಲ್ಲುಗಳು ಕೂಡುವ ಗೆರೆಗೆ ಸರಿಯಾಗಿ ಕೆನ್ನೆಯಲ್ಲಿ, ಸುತ್ತಲಿನ ಬಣ್ಣದ್ದೇ ಬಿಗಿಯಾದ ಗಂಟು ಇದ್ದರೆ ಸಾಮಾನ್ಯವಾಗಿ ಫೈಬ್ರೋಮಾ, ಅಂದರೆ ನಾರಿನಂಥ ಅಂಗಾಂಶದ ನಿರಪಾಯ ಗಂಟು. ಅದು ತಾನಾಗಿ ಕರಗುವುದಿಲ್ಲ. ಅಂಗುಳದ ನಡುಗೆರೆಯಲ್ಲಿ ಕಲ್ಲಿನಂತೆ ಗಟ್ಟಿಯಿದ್ದರೆ ಟೋರಸ್, ಅಂದರೆ ಮೂಳೆಯದೇ ಬೆಳವಣಿಗೆ. ಕಟ್ಟಿಸಿದ ಹಲ್ಲಿನ ಸೆಟ್‌ಗೆ ಅಡ್ಡಿಯಾಗದಿದ್ದರೆ ಮುಟ್ಟುವ ಅಗತ್ಯವಿಲ್ಲ. ಅದೇ ಅಂಗುಳದಲ್ಲಿ ಉಬ್ಬು ಒಂದು ಬದಿಗೆ ಸರಿದಿದ್ದರೆ ಬಯಾಪ್ಸಿ (ತುಣುಕು ತೆಗೆದು ಪ್ರಯೋಗಾಲಯದಲ್ಲಿ ನೋಡುವುದು) ಮಾಡದೆ ಬಿಡುವುದಿಲ್ಲ.

ಒಸಡಿನ ಗುಳ್ಳೆ ಬಹಳ ಮೋಸ ಮಾಡುತ್ತದೆ. ಸತ್ತ ಹಲ್ಲಿನ ಬೇರಿನ ಕೀವು ಅದರ ಮೂಲಕ ಹರಿದುಹೋಗುವುದರಿಂದಲೇ ನೋವಿರುವುದಿಲ್ಲ. ಕೀವು ಹೊರಬರುವ ರಂಧ್ರದೊಳಗೆ ತೆಳುವಾದ ಗಟ್ಟಾ ಪರ್ಚಾ (ಎಕ್ಸ್‌ರೇಯಲ್ಲಿ ಕಾಣುವ ರಬ್ಬರಿನಂಥ ವಸ್ತು) ಕಡ್ಡಿ ಮೆಲ್ಲಗೆ ತೂರಿಸಿ ಎಕ್ಸ್‌ರೇ ತೆಗೆದರೆ ತಪ್ಪು ಯಾವ ಹಲ್ಲಿನದು ಎಂದು ಅದೇ ತೋರಿಸುತ್ತದೆ.

ಕೆಂಪು-ನೀಲಿ ಗಂಟಿನ ಮೇಲೆ ಗಾಜಿನ ಸ್ಲೈಡ್ ಒತ್ತಿ ನೋಡುತ್ತೇನೆ. ಬಿಳಿಚಿಕೊಂಡರೆ ಒಳಗಿರುವುದು ರಕ್ತನಾಳ. ಕುರ್ಚಿಯಲ್ಲೇ ಕತ್ತರಿಸಹೋದರೆ ರಕ್ತ ನಿಲ್ಲಿಸುವುದೇ ಕಷ್ಟ.

ನಾಲಿಗೆಯ ಬದಿ, ನಾಲಿಗೆಯ ಕೆಳಗಿನ ನೆಲ, ಇಲ್ಲಿ ಗಡುಸು ಅಂಚು, ಬಿಳಿ-ಕೆಂಪು ಕಲೆ, ಅಲುಗಾಡದೆ ಅಂಟಿಕೊಂಡಿರುವುದು ಕಂಡರೆ ಕಾಯುವುದಿಲ್ಲ. ಉಳಿದವಕ್ಕೆ ಉಜ್ಜುವ ಚೂಪು ಹಲ್ಲನ್ನು ನಯ ಮಾಡಿ, ಅಳತೆ ಮಿಲಿಮೀಟರಿನಲ್ಲಿ ಬರೆದು 2 ವಾರ ಕೊಡುತ್ತೇನೆ. ಹೋಗದಿದ್ದರೆ ಬಯಾಪ್ಸಿ. ತುಣುಕನ್ನು ಇಕ್ಕಳದಲ್ಲಿ ಜಜ್ಜಬಾರದು. ಅದರ ಗಾತ್ರದ 10 ಪಟ್ಟಾದರೂ ಶೇ. 10ರ ಫಾರ್ಮಲಿನ್‌ನಲ್ಲಿ (ತುಣುಕು ಕೆಡದಂತೆ ಇಡುವ ದ್ರಾವಣ) ಮುಳುಗಿಸಬೇಕು. ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಇಟ್ಟರೆ ಜೀವಕೋಶಗಳು ಕೆಟ್ಟು ವರದಿಯೇ ಬಾರದು.